ಹೆಣ್ಣು ಕೇಳಲು ಬಂದವರು

ಆಗ್ಸ್‌ಬುರ್ಗ್, 4 ಫೆಬ್ರವರಿ 2018

ಸೆಫೆರ್ ಅಣ್ಣನಿಗೆ ಸಲಾಮ್.

ಮುಖ್ಯವಾದದ್ದನ್ನು ಫೋನಿನಲ್ಲಿ ಹೇಳಬೇಡ, ಕಾಗದ ಬರೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. "ನೀನು ಅಮ್ಮನ ಜೊತೆ ಬದನೆಕಾಯಿ ರೇಟು ಮಾತಾಡೋದನ್ನ ಕೇಳಿಸ್ಕೊಳ್ಳೋಕೆ ಸರ್ಕಾರಕ್ಕೇನು ಬೇರೆ ಕೆಲ್ಸ ಇಲ್ವಾ?" ಎಂದು ಕಿಚಾಯಿಸಿದ್ದೆ. ಈಗ ನೋಡು, ನಾನೇ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ಸಂತೋಷದ ಸುದ್ದಿ. ನಾನು ತರಬೇತಿ ಮುಗಿಸಿದ ಇದೇ ಶಾಲೆಯಲ್ಲಿ ಕಾಯಂ ಗಣಿತ ಶಿಕ್ಷಕಿಯ ಹುದ್ದೆಗೆ ನನ್ನನ್ನು ಆರಿಸಿದ್ದಾರೆ. ಡೂಯಿಸ್‌ಬುರ್ಗಿನ ಕಲ್ಲಿದ್ದಲು ಗಣಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತ ಅಪ್ಪ ಇವತ್ತು ಇದ್ದಿದ್ದರೆ ಬೀದಿಗೆಲ್ಲಾ ಸಿಹಿ ಹಂಚುತ್ತಿದ್ದ.

ಆದರೆ ಹುದ್ದೆ ಕೈಗೆ ಬರುವ ಮೊದಲು ಜರ್ಮನಿಯ ಈ ರಾಜ್ಯದವರು ಒಂದು ಪ್ರಶ್ನಾವಳಿ ಕೊಡುತ್ತಾರೆ. ಕೆಳಗಿನ ಸಂಘಟನೆಗಳಲ್ಲಿ ಎಂದಾದರೂ ಸದಸ್ಯರಾಗಿದ್ದಿರಾ, ನೆರವು ಕೊಟ್ಟಿದ್ದಿರಾ, ಎಂದು. ಬಾಂಬು ಇಡುವವರ ಹೆಸರುಗಳ ಮಧ್ಯೆ ನಮ್ಮ ಚೆಷ್ಮೆ ಸಂಘದ ಹೆಸರೂ ಇದೆ ಅಣ್ಣ. ನೀನು ಅಧ್ಯಕ್ಷನಾಗಿರುವ, ಶನಿವಾರ ಮಕ್ಕಳಿಗೆ ಮನೆಪಾಠ ಹೇಳಿಕೊಡುವ ಅದೇ ಸಂಘ. ಹದಿನೇಳನೇ ವಯಸ್ಸಿನಲ್ಲಿ ನಾನು ಅಲ್ಲಿಗೆ ಬರುತ್ತಿದ್ದೆನಲ್ಲ, ನನ್ನ ಹೆಸರು ಎಲ್ಲಾದರೂ ಬರೆದುಕೊಂಡಿದ್ದೀರಾ? ನಿಜ ಹೇಳು. ಒಂದು ಸುಳ್ಳು ಉತ್ತರ ಕೊಟ್ಟರೂ ಹುದ್ದೆ ಹೋಗುತ್ತದೆ.

ಅಮ್ಮನಿಗೆ ಇದ್ಯಾವುದನ್ನೂ ಹೇಳಬೇಡ. ಹುದ್ದೆಯ ಸುದ್ದಿಯೂ ಬೇಡ. ಕೈಗೆ ಬಂದ ಮೇಲೆ ನಾನೇ ಹೇಳುತ್ತೇನೆ.

ನಿನ್ನ ನೆಸ್ಲಿಹಾನ್


ಡೂಯಿಸ್‌ಬುರ್ಗ್, 18 ಫೆಬ್ರವರಿ 2018

ನೆಸ್ಲಿ,

ಶಿಕ್ಷಕಿಯಮ್ಮನವರಿಗೆ ಸಲಾಮ್! ನಿನ್ನ ಕಾಗದವನ್ನು ವಿಮಾನ ನಿಲ್ದಾಣದಲ್ಲಿ, ಸೂಟ್‌ಕೇಸುಗಳ ರಾಶಿಯ ಹಿಂದೆ ನಿಂತು ಓದಿದೆ. ಜೊತೆ ಸಾಮಾನು ಹೊರುವವರು, "ಏನೋ ಸೆಫೆರ್, ಲಾಟರಿ ಹೊಡೀತಾ?" ಎಂದರು. ಹೌದು ಎಂದೆ.

ನೀನು ಸದಸ್ಯಳಲ್ಲ. ಆಗಿರಲೂ ಇಲ್ಲ. ಒಂದು ಚಳಿಗಾಲ ಬಂದು ಚಿಕ್ಕ ಹುಡುಗಿಯರಿಗೆ ಭಾಗಾಕಾರ ಹೇಳಿಕೊಟ್ಟೆ. ಹುಡುಗಿಯರನ್ನು ಈಜಲು ಕರೆದುಕೊಂಡು ಹೋಗಬೇಕು ಎಂದು ಮಸೀದಿಯ ಗುರು ಝೆಕೇರಿಯಾ ಹೋಜನ ಜೊತೆ ಜಗಳ ಕಾದೆ. ಬಾಗಿಲು ದಡ್ ಎನಿಸಿ ಹೊರಟುಹೋದೆ. ಹೋಜ ಇವತ್ತಿಗೂ ಆ ಬಾಗಿಲ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಹೀಗೇ ಬರೆ, ಹೆದರಬೇಡ.

ಆ ಪಟ್ಟಿಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮದು ನ್ಯಾಯಾಲಯದಲ್ಲಿ ನೋಂದಾಯಿಸಿದ ಸಂಘ. ಪ್ರತಿ ವರ್ಷ ಲೆಕ್ಕ ಕೊಡುತ್ತೇವೆ. ಸಂಘ ನಡೆಸುವ ಮಸೀದಿಯ ಕೆರ್ಮೆಸ್ ಸಂತೆಗೆ ನಗರದ ಮೇಯರ್ ಬಂದು ಪಾಲಕ್ ತುಂಬಿದ ರೊಟ್ಟಿ ತಿಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೂ ಉಗ್ರವಾದದ ಮೇಲೆ ಕಣ್ಣಿಡುವ ಕಚೇರಿಯ ವಾರ್ಷಿಕ ವರದಿಯಲ್ಲಿ ನಮಗೊಂದು ಪುಟ ಮೀಸಲು. ಅದರಲ್ಲಿ ಏನಿದೆ ಗೊತ್ತಾ? ಇವರು ಹಿಂಸೆ ಮಾಡುವುದಿಲ್ಲ, ಕಾನೂನು ಮೀರುವುದಿಲ್ಲ, ಆದರೆ ಕಾನೂನಿನೊಳಗೆ ಇದ್ದುಕೊಂಡೇ ದೇಶವನ್ನು ಬದಲಿಸುವ ಉದ್ದೇಶ ಇರಬಹುದು! ಕಾನೂನು ಮುರಿದರೆ ಜೈಲು, ಮುರಿಯದಿದ್ದರೆ ಸಂಶಯ. ಆ ಪುಟ ತೆಗೆಸಲು ದಾವೆ ಹೂಡಿದ್ದೇವೆ. ಶರತ್ಕಾಲದಲ್ಲಿ ವಿಚಾರಣೆ. ನಾನು ಜೀವ ಹಿಡಿದುಕೊಂಡಿರುವುದೇ ಅದಕ್ಕಾಗಿ.

ಇನ್ನೊಂದು ವಿಷಯ. ಅಮ್ಮ ಎರಡು ದಿನದಿಂದ ನೆಲದ ಮೇಲೆ ನಡೆಯುತ್ತಿಲ್ಲ. ನಾನು ಪಾಳಿಯಲ್ಲಿದ್ದಾಗ ಯಾರೋ ಒಳ್ಳೆಯ ಜನ ಮನೆಗೆ ಬಂದು ನಿನ್ನ ವಿಚಾರ ಕೇಳಿದರಂತೆ. ಯಾರು ಎಂದರೆ, "ಅದೆಲ್ಲಾ ಹೆಂಗಸರ ವಿಷ್ಯ, ನಿಂಗ್ಯಾಕೆ? ಕಾಲ ಬಂದಾಗ ಹೇಳ್ತೀನಿ" ಎನ್ನುತ್ತಾಳೆ. ಬೀಗರಾಗುವವರೇ ಇರಬೇಕು. ನಿನ್ನ ಕತೆ ಮುಗಿಯಿತು, ತಯಾರಾಗು.

ಸೆಫೆರ್


ಆಗ್ಸ್‌ಬುರ್ಗ್, 25 ಫೆಬ್ರವರಿ 2018

ಅಣ್ಣ,

ನೀನು ಹೇಳಿದ ಹಾಗೇ ಬರೆದು ಕೊಟ್ಟೆ. ಎದೆ ಹಗುರಾಯಿತು.

ಅಮ್ಮನಿಗೆ ಹೇಳು, ಆ ಬೀಗರಿಗೆ ಈಗಲೇ ಮಾತು ಕೊಡಬೇಡ ಅಂತ. ಹುಡುಗ ಯಾರೆಂದು ಕೇಳಿಯಾದರೂ ಇಟ್ಟುಕೋ. ಹಿಂದಿನ ಸಲದ ಹಾಗೆ ತಟ್ಟೆ ಗಾತ್ರದ ಗಡಿಯಾರ ಕಟ್ಟಿಕೊಂಡವನಾಗಿದ್ದರೆ ನೀನೇ ಮೆಟ್ಟಿಲಿಳಿಸಿ ಕಳಿಸು.

ನೆಸ್ಲಿ


ಆಗ್ಸ್‌ಬುರ್ಗ್, 22 ಮಾರ್ಚ್ 2018

ಸೆಫೆರ್,

ಅಣ್ಣ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ನಿನ್ನೆ ನನ್ನನ್ನು ಶಿಕ್ಷಣ ಇಲಾಖೆಯ ಕಚೇರಿಗೆ ಕರೆಸಿದ್ದರು. ಮೂವರು ಕೂತಿದ್ದರು. ನಡುವಿನ ಹೆಂಗಸು ನನ್ನ ಉತ್ತರದ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಹಾಳೆಯಿಂದ ಓದತೊಡಗಿದಳು. "ಹದಿನೇಳನೇ ವಯಸ್ಸಿನಿಂದ ಸಂಘದ ಹುಡುಗಿಯರ ವಿಭಾಗಕ್ಕೆ ಈಕೆಯೇ ಮುಖ್ಯಸ್ಥೆ. ನಲವತ್ತು ಹುಡುಗಿಯರು ಈಕೆಯ ಮಾತು ಮೀರುತ್ತಿರಲಿಲ್ಲ. ಸಂಘ ಹಾಕಿದ ಗೆರೆ ದಾಟಿದವಳಲ್ಲ. ಇಂದಿಗೂ ಸಂಘದವರು ಕರೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾಳೆ." ಇದನ್ನು ಹೇಳಿದ್ದು ಯಾರು ಎಂದು ಕೇಳಿದೆ. "ಕುಟುಂಬಕ್ಕೆ ತೀರಾ ಹತ್ತಿರದ ಮೂಲ," ಎಂದಳು. ಆಮೇಲೆ, "ಸುಳ್ಳು ಉತ್ತರ ಕೊಟ್ಟಿದ್ದೀರಿ ಎಂದು ನಾವು ಭಾವಿಸಬೇಕಾಗುತ್ತದೆ," ಎಂದಳು.

ಕುಟುಂಬದಲ್ಲಿ ಸಂಘದ ವಿಷಯ ಮಾತಾಡುವವನು ನೀನೊಬ್ಬನೇ. ನಿನ್ನ ವಿಭಾಗ ದೊಡ್ಡದು, ನಿನ್ನ ಹುಡುಗಿಯರು ನಲವತ್ತು, ನಿನ್ನ ತಂಗಿ ಮುಖ್ಯಸ್ಥೆ. ಯಾರ ಮುಂದೆ ಜಂಬ ಕೊಚ್ಚಿಕೊಂಡೆ? ಮೇಯರ್ ಮುಂದೆಯೋ, ಪತ್ರಿಕೆಯವರ ಮುಂದೆಯೋ, ಇಲ್ಲಾ ಆ ವಾರ್ಷಿಕ ವರದಿ ಬರೆಯುವ ಕಚೇರಿಯವರನ್ನೇ ಕೂರಿಸಿಕೊಂಡು ಚಹಾ ಕುಡಿಸಿದೆಯೋ? ಇದ್ದದ್ದು ಆರು ಹುಡುಗಿಯರು. ಅವರಲ್ಲಿ ಇಬ್ಬರು ನಮ್ಮ ಚಿಕ್ಕಮ್ಮನ ಮಕ್ಕಳು!

ಹುದ್ದೆ ತಡೆಹಿಡಿದಿದ್ದಾರೆ. ಹೇಳು, ನೀನೇನಾ?

ನೆಸ್ಲಿಹಾನ್


ಡೂಯಿಸ್‌ಬುರ್ಗ್, 2 ಏಪ್ರಿಲ್ 2018

ನೆಸ್ಲಿ,

ಹೌದು. ನಾನೇ.

ಒಳ್ಳೆಯದಾಗುತ್ತದೆ ಎಂದುಕೊಂಡು ಹೇಳಿದೆ. ಕ್ಷಮಿಸು ಎನ್ನಲು ಮುಖವಿಲ್ಲ. ಒಂದೇ ಒಂದು ಬೇಡಿಕೆ, ಅಮ್ಮನ ಹತ್ತಿರ ಈ ಮಾತೆತ್ತಬೇಡ. ಅವಳ ರಕ್ತದೊತ್ತಡ ಮತ್ತೆ ಏರಿದೆ.

ಸೆಫೆರ್


ಆಗ್ಸ್‌ಬುರ್ಗ್, 29 ಏಪ್ರಿಲ್ 2018

ಅಣ್ಣ,

ನಾಲ್ಕು ಸಾಲು! ನಿನ್ನ ಸಂಘದ ಕರಪತ್ರಗಳೇ ಇದಕ್ಕಿಂತ ಉದ್ದ ಇರುತ್ತವೆ. ಅಷ್ಟು ಸಲೀಸಾಗಿ ಹೌದು ಎಂದುಬಿಟ್ಟೆಯಲ್ಲ, ಅದು ನನ್ನನ್ನು ಇನ್ನೂ ಉರಿಸುತ್ತಿದೆ. ಒಂದು ತಿಂಗಳಿಂದ ಶಾಲೆಯ ಸಹೋದ್ಯೋಗಿಗಳು ನನ್ನ ಜೊತೆ ಹವಾಮಾನ ಬಿಟ್ಟು ಬೇರೆ ಏನನ್ನೂ ಮಾತಾಡುವುದಿಲ್ಲ. ಪಾಠ ಮಾಡುವಾಗ ಯಾರಾದರೂ ಬಾಗಿಲು ತಟ್ಟಿದರೆ ಕೈಯಲ್ಲಿದ್ದ ಸೀಮೆಸುಣ್ಣ ಜಾರುತ್ತದೆ.

ವಕೀಲರನ್ನು ಹಿಡಿದಿದ್ದೇನೆ. ಹಾಗೆಡೊರ್ನ್ ಎಂಬ ಹೆಂಗಸು, ಮಾತು ಕಡಿಮೆ. ಅವರ ಪ್ರಕಾರ ಸುಲಭದ ದಾರಿ ಒಂದಿದೆ. ಶಿಕ್ಷಣ ಇಲಾಖೆಯವರೇ ಒಂದು ಹೇಳಿಕೆ ಬರೆದು ಕಳಿಸಿದ್ದಾರೆ. ಚೆಷ್ಮೆ ಸಂಘವು ಸಂವಿಧಾನಕ್ಕೆ ವಿರೋಧಿ ಎಂದು ನನಗೀಗ ಅರಿವಾಗಿದೆ, ಅಪ್ರಾಪ್ತಳಾಗಿದ್ದಾಗ ಅದರ ಅಧ್ಯಕ್ಷನಾದ ನನ್ನ ಅಣ್ಣ ನನ್ನನ್ನು ಅದರೊಳಗೆ ಎಳೆದ, ಈಗ ಎಲ್ಲ ಸಂಬಂಧ ಕಡಿದುಕೊಂಡಿದ್ದೇನೆ, ಹೀಗೆ. ಮೇ ಕೊನೆಯೊಳಗೆ ಸಹಿ ಹಾಕಿದರೆ ಶಾಲೆ ತೆರೆಯುವಾಗ ಹುದ್ದೆ. ಹಾಕದಿದ್ದರೆ ಈ ರಾಜ್ಯದಲ್ಲಿ ಇನ್ನು ಯಾವ ಸರ್ಕಾರಿ ಶಾಲೆಯ ಬಾಗಿಲೂ ನನಗೆ ತೆರೆಯುವುದಿಲ್ಲ.

"ಸಹಿ ಹಾಕಿಬಿಡಿ," ಎಂದರು ಹಾಗೆಡೊರ್ನ್. "ಇದು ಬರೀ ಕಾಗದ."

ನೀನೇ ಬಾಯಿಬಿಟ್ಟು ಕೆಡಿಸಿದ್ದು. ಈಗ ನಾನು ಸಹಿ ಹಾಕಿದರೆ ನಿನಗೆ ಮಾತಾಡುವ ಹಕ್ಕಿದೆಯೇ?

ನೆಸ್ಲಿಹಾನ್


ಡೂಯಿಸ್‌ಬುರ್ಗ್, 10 ಮೇ 2018

ನೆಸ್ಲಿಹಾನ್,

ಹಕ್ಕಿಲ್ಲ. ಹಾಕು.

ಆದರೆ ತಿಳಿದುಕೊಂಡು ಹಾಕು. ಆ ಕಾಗದ ನಿನ್ನ ಕಡತದಲ್ಲೇ ಮಲಗಿರುವುದಿಲ್ಲ. ಶರತ್ಕಾಲದಲ್ಲಿ ನಮ್ಮ ವಿಚಾರಣೆ ನಡೆಯುವಾಗ ನ್ಯಾಯಾಧೀಶರ ಮೇಜಿನ ಮೇಲೆ ಮೊದಲು ಕಾಣುವುದು ಅದೇ. ಅಧ್ಯಕ್ಷನ ಒಡಹುಟ್ಟಿದ ತಂಗಿಯೇ ಹೀಗೆನ್ನುತ್ತಾಳೆ ಎಂದಮೇಲೆ ನಮ್ಮ ವಕೀಲ ಬಾಯಿ ತೆರೆಯಲು ಏನು ಉಳಿಯುತ್ತದೆ?

ಇಲ್ಲಿನ ಸ್ಥಿತಿ ನಿನಗೆ ಬರೆದಿರಲಿಲ್ಲ. ಬ್ಯಾಂಕಿನವರು ಕಾರಣ ಹೇಳದೆ ಸಂಘದ ಖಾತೆ ಮುಚ್ಚಿದರು. ಯುವಕರ ಫುಟ್‌ಬಾಲ್‌ಗೆ ಮೈದಾನ ಕೊಡುತ್ತಿದ್ದ ಶಾಲೆ ಈ ವರ್ಷ ಕೊಡಲಿಲ್ಲ. ಪೌರತ್ವಕ್ಕೆ ಅರ್ಜಿ ಹಾಕಿದವರು ಒಬ್ಬೊಬ್ಬರಾಗಿ ಬಂದು, ಕಣ್ಣು ತಪ್ಪಿಸಿ, "ಸೆಫೆರ್ ಭಾಯಿ, ಸ್ವಲ್ಪ ದಿನ ಹುಡುಗನ್ನ ಕಳಿಸಲ್ಲ, ತಪ್ಪು ತಿಳ್ಕೋಬೇಡಿ" ಎನ್ನುತ್ತಾರೆ. ತಪ್ಪು ತಿಳಿಯುವುದು ಏನಿದೆ? ಅವರಿಗೂ ಮಕ್ಕಳಿದ್ದಾರೆ. ಆದರೆ ನೆಸ್ಲಿ, ಹಾಗೆ ಬಿಟ್ಟ ಹುಡುಗರಲ್ಲಿ ಒಬ್ಬಿಬ್ಬರು ಈಗ ಯಾವುದೋ ನೆಲಮಾಳಿಗೆಯಲ್ಲಿ, ಫೋನಿನಲ್ಲಿ ಕೂಗಾಡುವ ಯಾರದೋ ಭಾಷಣ ಕೇಳುತ್ತಾ ಕೂರುತ್ತಾರಂತೆ. ನಮ್ಮ ಬಾಗಿಲು ತೆರೆದಿದ್ದಾಗ ಹೋಜ ಅಂಥವರ ಕಿವಿ ಹಿಂಡಿ ಬುದ್ಧಿ ಹೇಳುತ್ತಿದ್ದರು. ಈಗ ಹಿಂಡಲು ಕಿವಿಗಳೇ ಇಲ್ಲ. ಇದು ಆ ಕಚೇರಿಯವರಿಗೆ ಗೊತ್ತಾ? ಗೊತ್ತಿದ್ದರೂ ಅದಕ್ಕೆ ವರದಿಯಲ್ಲಿ ಜಾಗ ಇದ್ದಂತಿಲ್ಲ.

ನೀನು ಆಗಲೇ ಸಹಿ ಹಾಕಿರುತ್ತೀಯ ಎಂದು ಗೊತ್ತು. ರಂಜಾನ್ ಬರುತ್ತಿದೆ. ಅಮ್ಮ ನಿನ್ನ ದಾರಿ ನೋಡುತ್ತಾಳೆ, ನಾನು ನೋಡುವುದಿಲ್ಲ.

ಸೆಫೆರ್


ಆಗ್ಸ್‌ಬುರ್ಗ್, 24 ಮೇ 2018

ಅಣ್ಣ,

ಸಹಿ ಹಾಕಿಲ್ಲ. ಹಾಕಿರುತ್ತೀಯ ಎಂದು ಎಷ್ಟು ಧಾರಾಳವಾಗಿ ಬರೆದೆ! ಆ ಸಾಲು ಓದಿ ಬಹಳ ಅತ್ತೆ. ಪೆನ್ನು ಹಿಡಿದು ಕೂತಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಈ ಕಾಗದ ಬೇರೆಯದಕ್ಕೆ. ನಿನ್ನೆ ಉಪವಾಸ ಬಿಡುವ ಹೊತ್ತಿಗೆ ಅಮ್ಮ ಫೋನ್ ಮಾಡಿದ್ದಳು. ಖರ್ಜೂರ ಅಗಿಯುತ್ತಲೇ ಶುರು ಮಾಡಿದಳು.

"ನೆಸ್ಲಿ, ಒಂದ್ ಮಾತು ಕೇಳ್ತೀನಿ, ಬೈಬಾರ್ದು. ಆ ಜನ ಮತ್ತೆ ಬರ್ಲೇ ಇಲ್ವಲ್ಲೇ. ನಾನೇನಾದ್ರೂ ಕಮ್ಮಿ ಹೇಳ್ಬಿಟ್ನಾ ಅಂತ ಮನಸಿಗೆ ಕೊರೀತಿದೆ."

"ಯಾವ ಜನ ಅಮ್ಮ?"

"ನಿನ್ನ ಕೇಳ್ಕೊಂಡು ಬಂದಿದ್ರಲ್ಲ, ಒಬ್ರು ಸೂಟು ಹಾಕಿದ ಜರ್ಮನ್ ಯಜಮಾನ್ರು, ಜೊತೆಗೆ ನಮ್ ಭಾಷೆ ಮಾತಾಡೋ ಹೆಂಗಸು. ಹುಡುಗನ ಅಕ್ಕ, ಭಾವ ಇರ್ಬೇಕು ಅಂದ್ಕೊಂಡೆ. ಏನೋ ಕಾರ್ಡ್ ಕೈಗಿಟ್ಟ. ನನ್ನ ಕನ್ನಡಕ ಎಲ್ಲಿತ್ತೋ. ಕಾರ್ಡೆಲ್ಲಾ ಯಾಕಪ್ಪ, ಒಳಗೆ ಬನ್ನಿ ಅಂದೆ. ಹುಡುಗಿ ಮಸೀದಿಗೆ ಹೋಗ್ತಿದ್ಲಾ ಅಂತ ಕೇಳಿದ್ಳು. ಸಂಘದಲ್ಲಿ ಏನ್ ಕೆಲ್ಸ ಮಾಡ್ತಿದ್ಲು ಅಂದ್ಳು. ದೊಡ್ಡೋರ ಮಾತು ಕೇಳ್ತಾಳಾ ಅಂದ್ಳು. ಅಂಥಾ ಪ್ರಶ್ನೆ ಬೇರೆ ಯಾರು ಕೇಳ್ತಾರೆ ಹೇಳು! ನಾನೂ ಬಿಡ್ಲಿಲ್ಲ. ನಲವತ್ತು ಹುಡ್ಗೀರ್ನ ಆಳ್ತಿದ್ಲು ನನ್ ಮಗಳು ಅಂದೆ. ಅವ್ನು ಬರ್ಕೊಂಡ. ಬರ್ಕೊಳ್ತಾ ಇದಾನೆ ಅಂದ್ರೆ ಇಷ್ಟ ಆಯ್ತು ಅಂತ ನಾನು ಇನ್ನೂ ಹೇಳ್ದೆ."

ಇಲ್ಲಮ್ಮ, ಚೆನ್ನಾಗೇ ಹೇಳಿದೀಯ ಎಂದು ಫೋನಿಟ್ಟೆ. ಆಮೇಲೆ ನಕ್ಕೆನೋ ಅತ್ತೆನೋ ಗೊತ್ತಿಲ್ಲ, ಪಕ್ಕದ ಮನೆಯವರು ಗೋಡೆ ತಟ್ಟಿದರು.

ಅಣ್ಣ, ನೀನೇಕೆ ನಾನೇ ಎಂದೆ? ನಿನ್ನ ಮೇಲೆ ಏನೆಲ್ಲ ಬರೆದೆನಲ್ಲ ನಾನು!

ನಿನ್ನ ನೆಸ್ಲಿ


ಡೂಯಿಸ್‌ಬುರ್ಗ್, 3 ಜೂನ್ 2018

ನೆಸ್ಲಿ,

ಸಹಿ ಹಾಕಿಲ್ಲ ಎಂದು ಓದಿದ ಮೇಲೆ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಒಂದು ಸುತ್ತು ನಡೆದು ಬಂದೆ. ಉಳಿದದ್ದನ್ನು ಆಮೇಲೆ ಓದಿದೆ.

ಮಾರ್ಚಿನ ನಿನ್ನ ಕಾಗದ ಬಂದ ದಿನ ಅಮ್ಮನನ್ನು ಉಪಾಯವಾಗಿ ಕೇಳಿದೆ. ಆ ಕಾರ್ಡನ್ನು ಅವಳು ಸಕ್ಕರೆ ಡಬ್ಬಿಯ ಕೆಳಗೆ ಜೋಪಾನವಾಗಿ ಇಟ್ಟಿದ್ದಳು, ಬೀಗರ ವಿಳಾಸ ಎಂದು. ಓದಿದರೆ ಅದು ಉಗ್ರವಾದದ ಮೇಲೆ ಕಣ್ಣಿಡುವ ಆ ಕಚೇರಿಯದು. ಆದರೆ ಅವಳ ಮುಖ ನೋಡಿದೆ ನೋಡು, ನಿನ್ನ ಮದುವೆಗೆ ಯಾವ ಬಣ್ಣದ ಪರದೆ ಹೊಲಿಸಲಿ ಎಂದು ಕೇಳುತ್ತಿದ್ದಳು. ಇವಳಿಗೆ ಹೇಗೆ ಹೇಳುವುದು, ಮಗಳ ಅನ್ನಕ್ಕೆ ನೀನೇ ಮಣ್ಣು ಹಾಕಿದೆ ಎಂದು? ನೀನು ನನ್ನ ಮೇಲೆ ಸಿಟ್ಟಾದರೆ ತಡೆದುಕೊಳ್ಳಬಲ್ಲೆ ಎನಿಸಿತು. ಚಿಕ್ಕಂದಿನಿಂದ ಅಭ್ಯಾಸವಿದೆ.

ನಿನ್ನ ವಕೀಲೆಗೆ ನಾನೇ ಫೋನ್ ಮಾಡಿದೆ. ಅಮ್ಮ ಖುದ್ದಾಗಿ ಬಂದು ನಡೆದದ್ದನ್ನು ಹೇಳಿದರೆ ಶಿಕ್ಷಣ ಇಲಾಖೆಯವರು ಕೇಳಲೇಬೇಕು, ಅಲ್ಲಿಯವರೆಗೆ ಸಹಿಯ ಗಡುವನ್ನೂ ಮುಂದೂಡಿಸುತ್ತೇನೆ ಎಂದರು. ಹಾಗಾಗಿ ಮೊನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಹಿಟ್ಟು ನಾದುತ್ತಿದ್ದವಳು ನಾದುತ್ತಲೇ ಇದ್ದಳು. ಹಿಟ್ಟು ಮುಚ್ಚಿಟ್ಟು ಕೇಳಿದಳು:

"ಹಾಗಾದ್ರೆ ಈಗ ಹೋಗಿ ನನ್ ಮಗಳನ್ನ ಬೈಬೇಕಾ?"

"ಬೈಯೋದಲ್ಲಮ್ಮ, ಇದ್ದಿದ್ದು ಹೇಳ್ಬೇಕು."

"ಹೊರಗಿನೋರ ಮುಂದೆ?"

"ಹೂಂ."

"ಆಯ್ತು. ಬೈತೀನಿ. ಟಿಕೆಟ್ ಮಾಡ್ಸು."

ಸೆಫೆರ್


ಆಗ್ಸ್‌ಬುರ್ಗ್, 8 ಜುಲೈ 2018

ಪ್ರೀತಿಯ ಅಣ್ಣ,

ಅಮ್ಮನನ್ನು ರೈಲು ಹತ್ತಿಸಿ ಬಂದು ಬರೆಯುತ್ತಿದ್ದೇನೆ. ನೀನು ಇರಬೇಕಿತ್ತು! ರಜೆ ಕೊಡದ ನಿನ್ನ ಮೇಲ್ವಿಚಾರಕನಿಗೆ ನನ್ನ ಶಾಪ ಮುಟ್ಟಿಸು.

ಅಮ್ಮ ಈದ್‌ಗೆ ಹೊಲಿಸಿದ ಬೂದು ಕೋಟು, ಹೂವಿನ ತಲೆವಸ್ತ್ರ. ಕುರ್ಚಿಯ ತುದಿಯಲ್ಲಿ ಕೂತಳು. ದುಭಾಷಿ ಪ್ರಶ್ನೆ ಮುಗಿಸುವ ಮೊದಲೇ ಶುರು. "ಬರ್ಕೊಳ್ಳಿ. ನನ್ ಮಗಳಿಗೆ ಮಸೀದಿ ಅಂದ್ರೆ ಅಷ್ಟಕ್ಕಷ್ಟೆ. ಬೆಳಗಿನ ನಮಾಜಿಗೆ ಎಬ್ಬಿಸಿದ್ರೆ ದಿಂಬು ಎಸೀತಿದ್ಲು. ಹೋಜ ಅಂಥ ದೊಡ್ಡೋರ ಮುಂದೆ ಬಾಯಿ ಜೋರು ಮಾಡಿ ಬಾಗಿಲು ಬಡಿದು ಬಂದ್ಳು, ಬೀದಿಯೆಲ್ಲಾ ನೋಡ್ತು. ಊರು ಬಿಟ್ ಮೇಲೆ ತಲೆವಸ್ತ್ರಾನೂ ಬಿಟ್ಳು, ನಂಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಯಾರ ಮಾತೂ ಕೇಳೋಳಲ್ಲ, ನಂದೂ ಕೇಳಲ್ಲ, ಇನ್ನು ಸಂಘದ್ದು ಕೇಳ್ತಾಳಾ?" ಅಣ್ಣ, ಅವಳಿಗೆ ತಲೆವಸ್ತ್ರದ ವಿಷಯ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿತ್ತು.

"ಹಾಗಾದರೆ ಆವತ್ತು ಏಕೆ ಬೇರೆ ಹೇಳಿದಿರಿ?" ಎಂದು ನಡುವಿನ ಹೆಂಗಸು ಕೇಳಿದಳು. "ನಿಮಗೆ ಹೆಣ್ಮಕ್ಕಳಿದಾರಾ?" ಎಂದಳು ಅಮ್ಮ. "ಹೆಣ್ಣು ಕೇಳೋಕೆ ಬಂದೋರ ಮುಂದೆ ಯಾವ ತಾಯಿ ದಿಂಬು ಎಸೆದಿದ್ದು ಹೇಳ್ತಾಳೆ?" ಪಕ್ಕದ ಗಂಡಸು ನಕ್ಕುಬಿಟ್ಟ. ನಡುವಿನವಳು ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟಳು.

ಹೊರಡುವ ಮೊದಲು ಅವಳು ಹಗುರವಾಗಿ ಇನ್ನೊಂದು ಕೇಳಿದಳು, ಮಗಳಲ್ಲದಿದ್ದರೆ ಸಂಘ ನಡೆಸುತ್ತಿದ್ದವರು ಯಾರು ಅಂತ. ಅಮ್ಮನ ಮುಖ ಅರಳಿತು. ಅಷ್ಟು ಹೊತ್ತು ಬೈದೂ ಬೈದೂ ಬಾಯಿ ಕಹಿಯಾಗಿತ್ತು ಪಾಪ. "ನನ್ ಮಗ! ಅವ್ನಿಗೆ ಸಂಘ ಅಂದ್ರೆ ಪ್ರಾಣ. ಮದುವೆನೂ ಬೇಡ ಅಂತಾನೆ. ಅವ್ನು ಒಂದ್ ಮಾತು ಹೇಳಿದ್ರೆ ಊರಿನ ಹುಡುಗ್ರೆಲ್ಲಾ ಎದ್ ನಿಲ್ತಾರೆ." ಹಾಗೆಡೊರ್ನ್ ಅಮ್ಮನ ತೋಳು ಹಿಡಿದು ಎಬ್ಬಿಸಿದರು, ತಡವಾಯಿತೇನೋ ಎಂದು. ನಿನ್ನನ್ನು ಇಷ್ಟು ಹೊಗಳಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದಿಟ್ಟುಕೋ.

ನಿನ್ನ ನೆಸ್ಲಿ


ಡೂಯಿಸ್‌ಬುರ್ಗ್, 2 ಸೆಪ್ಟೆಂಬರ್ 2018

ಶಿಕ್ಷಕಿ ನೆಸ್ಲಿಹಾನ್ ಅವರಿಗೆ,

ಹುದ್ದೆ ಕೈಗೆ ಬಂತು ಎಂಬ ನಿನ್ನ ಸುದ್ದಿ ಕೇಳಿ ಮನೆಯಲ್ಲಿ ಹಬ್ಬ. ಪ್ರಮಾಣವಚನದ ದಿನ ಅಪ್ಪನ ಕೈಗಡಿಯಾರ ಕಟ್ಟಿಕೊಂಡು ಹೋಗು, ಅಂಚೆಯಲ್ಲಿ ಕಳಿಸಿದ್ದೇನೆ.

ಇಲ್ಲಿ ಎಲ್ಲ ಸೌಖ್ಯ. ಅಡುಗೆಮನೆಗೆ ಬಣ್ಣ ಹೊಡೆದೆ. ಸೋರುತ್ತಿದ್ದ ನಲ್ಲಿ ರಿಪೇರಿ ಆಯಿತು. ಮಸೀದಿಯ ಮೆಟ್ಟಿಲಿಗೆ ಹೊಸ ಕಟಕಟೆ ಹಾಕಿದೆ. ಅಮ್ಮನ ಬೀರುವಿನ ಬಾಗಿಲನ್ನೂ ಸರಿ ಮಾಡಿದೆ. ಮಳೆ ಶುರುವಾಗಿದೆ.

ಸೆಫೆರ್


ಆಗ್ಸ್‌ಬುರ್ಗ್, 23 ಸೆಪ್ಟೆಂಬರ್ 2018

ಅಣ್ಣ,

ಏಳನೇ ತರಗತಿಯವರು ನನಗೆ ಆಗಲೇ ಅಡ್ಡಹೆಸರು ಇಟ್ಟಿದ್ದಾರೆ. ಆಮೇಲೆ ಹೇಳುತ್ತೇನೆ.

ಮೊದಲು ಇದಕ್ಕೆ ಉತ್ತರ ಕೊಡು. ಬುಧವಾರ ಬೆಳಿಗ್ಗೆ ಎರಡು ಪಾಠಗಳ ನಡುವೆ ಮನೆಗೆ ಫೋನ್ ಮಾಡಿದರೆ ನೀನು ಎತ್ತಿದೆ. ನನ್ನ ದನಿ ಕೇಳಿ ಇಟ್ಟುಬಿಟ್ಟೆ. ಶುಕ್ರವಾರವೂ ಹಾಗೇ ಆಯಿತು. ವಾರವಿಡೀ ಬೆಳಗಿನ ಪಾಳಿ ಮಾಡುವವನು ಮನೆಯಲ್ಲೇಕಿದ್ದೆ? ಒಂದೇ ಬೇಸಿಗೆಯಲ್ಲಿ ಬಣ್ಣ, ನಲ್ಲಿ, ಕಟಕಟೆ, ಬೀರು! ಸಂಜೆ ಅಮ್ಮನಿಗೆ ಮಾಡಿದರೆ ಅವಳೂ ಮಾತಾಡುತ್ತಿಲ್ಲ, ಚೆನ್ನಾಗಿದೀನಿ ಎಂದಷ್ಟೇ ಹೇಳಿ ಇಡುತ್ತಾಳೆ.

ನಾಲ್ಕು ಸಾಲಿನ ಸುಳ್ಳು ಈ ಸಲ ಬೇಡ.

ನೆಸ್ಲಿ


ಡೂಯಿಸ್‌ಬುರ್ಗ್, 7 ಅಕ್ಟೋಬರ್ 2018

ನೆಸ್ಲಿ,

ವಿಮಾನ ನಿಲ್ದಾಣದ ಒಳಗೆ ಹೋಗುವ ಪಾಸನ್ನು ಆಗಸ್ಟಿನಲ್ಲಿ ಹಿಂತೆಗೆದುಕೊಂಡರು. ಪಾಸಿಲ್ಲದವನಿಗೆ ಅಲ್ಲಿ ಕೆಲಸವಿಲ್ಲ. ಹನ್ನೆರಡು ವರ್ಷ ಒಂದು ಚೀಲವನ್ನೂ ಒಡೆಯದವನು ನಾನು, ಈಗ ಭದ್ರತೆಗೆ ಅಪಾಯ. ಕಾರಣ ಕೇಳಿ ಬರೆದೆ, ಉತ್ತರ ಬಂತು: ವಿಶ್ವಾಸಾರ್ಹತೆ ಸಾಲದು. ಸ್ವಂತ ತಾಯಿಯ ಹೇಳಿಕೆಯ ಪ್ರಕಾರ ಈತನಿಗೆ ಸಂಘವೇ ಪ್ರಾಣ, ಈತನ ಒಂದು ಮಾತಿಗೆ ಯುವಕರು ಎದ್ದು ನಿಲ್ಲುತ್ತಾರೆ.

ಎದ್ದು ನಿಲ್ಲುತ್ತಾರಂತೆ! ಕುರ್ಚಿ ಮಡಚಿಡಿ ಎಂದರೆ ಒಬ್ಬನೂ ಏಳುವುದಿಲ್ಲ, ನನಗೆ ಗೊತ್ತು.

ನೀನು ಓದಿ ಕುಣಿಯಬೇಡ. ನಿನಗೆ ತಿಳಿಯದಿರಲಿ ಎಂದೇ ಮುಚ್ಚಿಟ್ಟೆ. ಅಮ್ಮನಿಂದಲೂ ಮುಚ್ಚಿಟ್ಟಿದ್ದೆ, ಊಟದ ಡಬ್ಬಿ ಹಿಡಿದು ಬೆಳಿಗ್ಗೆ ಹೊರಟು ನದಿಯ ದಂಡೆಯಲ್ಲಿ ಕೂತು ಬರುತ್ತಿದ್ದೆ. ಆದರೆ ಆ ಉತ್ತರದ ಕಾಗದ ಬಂದ ದಿನ ಅವಳು ಪಕ್ಕದ ಮನೆ ಹುಡುಗಿಯ ಕೈಲಿ ಓದಿಸಿಬಿಟ್ಟಳು. ಅತ್ತಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವಳು ಅಳಲಿಲ್ಲ. ಅಂದಿನಿಂದ ಮಾತೇ ಇಲ್ಲ.

ನಿನಗೆ ಬರೆಯಲೇಬೇಕಾದದ್ದು ನಿನ್ನೆ ನಡೆಯಿತು. ಹಿಂದಿನ ಬೀದಿಯ ಸಬಿಹಾ ಬಂದಿದ್ದರು, ಬೇಕರಿಯವರ ಹೆಂಡತಿ. ಕೈಯಲ್ಲಿ ಹೂವು, ಚಾಕೊಲೇಟಿನ ಪೆಟ್ಟಿಗೆ. ಅವರ ಮಗ ಎಲೆಕ್ಟ್ರಿಷಿಯನ್, ನಿನ್ನನ್ನು ಯಾವುದೋ ಮದುವೆಯಲ್ಲಿ ನೋಡಿದ್ದಾನಂತೆ. ಈ ಸಲ ನಿಜವಾದ ಬೀಗರು. ಅಮ್ಮ ಬಾಗಿಲ ಸರಪಳಿ ತೆಗೆಯಲಿಲ್ಲ.

"ಫಾದಿಮೆ ಅಕ್ಕ, ನಾನು ಸಬಿಹಾ. ನಿಮ್ ಮಗಳ ವಿಚಾರ ಒಂದ್ ಮಾತು ಕೇಳೋಣ ಅಂತ..."

"ಯಾರು ಕಳಿಸಿದ್ದು ನಿಮ್ಮನ್ನ?"

"ಅಯ್ಯೋ, ಯಾರು ಕಳಿಸ್ತಾರೆ? ಮೂವತ್ತು ವರ್ಷದಿಂದ ನೋಡಿಲ್ವಾ ನನ್ನ? ಹುಡುಗಿ ಸ್ವಭಾವ ಹೇಗೆ, ಅಷ್ಟೇ..."

"ಗೊತ್ತಿಲ್ಲ. ನನ್ ಮಕ್ಕಳ ಬಗ್ಗೆ ನಂಗೇನೂ ಗೊತ್ತಿಲ್ಲ. ಬೇರೆ ಕಡೆ ಕೇಳ್ಕೊಳ್ಳಿ."

ನಾನು ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿದ್ದಳು. ಸಬಿಹಾ ಮೆಟ್ಟಿಲಿಳಿದು ಹೋದದ್ದು ಕೇಳಿಸಿತು. ಅಮ್ಮ ಗೋಡೆಗೆ ಒರಗಿ ನಿಂತು, ಸರಿಯಾಗಿ ಹೇಳಿದ್ನಾ ಎನ್ನುವ ಹಾಗೆ ನನ್ನ ಮುಖ ನೋಡಿದಳು. ನೆಸ್ಲಿ, ಕೆಲಸ ಹೋದಾಗಲೂ ನಾನು ಅತ್ತಿರಲಿಲ್ಲ.

ಸಂಘದ ದಾವೆಯ ವಿಚಾರಣೆ ಇನ್ನೂ ಬಂದಿಲ್ಲ. ಪಾಸಿನ ವಿರುದ್ಧ ಮೇಲ್ಮನವಿ ಹಾಕಿದ್ದೇನೆ. ನಡತೆಯ ಬಗ್ಗೆ ಸರ್ಕಾರಿ ನೌಕರರು ಯಾರಾದರೂ ಬರೆದುಕೊಟ್ಟರೆ ಅನುಕೂಲ ಎಂದು ವಕೀಲ ಹೇಳಿದ. ನಿನ್ನನ್ನು ಕೇಳುತ್ತಿಲ್ಲ. ಖಂಡಿತ ಬರೆಯಬೇಡ. ಇನ್ನೂ ಮೂರು ವರ್ಷ ನೀನು ಪರೀಕ್ಷಾವಧಿಯಲ್ಲಿರುತ್ತೀಯ.

ಸೆಫೆರ್


ಆಗ್ಸ್‌ಬುರ್ಗ್, 14 ಅಕ್ಟೋಬರ್ 2018

ಅಣ್ಣ,

ಬರೆದಿದ್ದೇನೆ. ನೀನು ಬೇಡ ಎಂದದ್ದು ಓದಿದ ಮೇಲೆಯೇ ಬರೆದದ್ದು. ಪ್ರತಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ನಿನ್ನ ವಕೀಲನಿಗೆ ಕೊಡು. ಸರ್ಕಾರಿ ಶಾಲೆಯ ಶಿಕ್ಷಕಿ ಎಂದು ಹೆಸರು, ಹುದ್ದೆ ಎಲ್ಲ ಹಾಕಿದ್ದೇನೆ. ನಿನ್ನನ್ನು ಹೊಗಳಿಲ್ಲ. ನೀನು ಮೊಂಡ, ಭಾಷಣ ಜಾಸ್ತಿ, ಶನಿವಾರ ಶನಿವಾರ ಮಕ್ಕಳಿಗೆ ಭಿನ್ನರಾಶಿಯನ್ನು ತಪ್ಪು ತಪ್ಪಾಗಿ ಹೇಳಿಕೊಡುತ್ತೀಯ, ಮನೆಯವರ ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಳ್ಳುತ್ತೀಯ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಹಾಗೆಡೊರ್ನ್ ತಲೆ ಚಚ್ಚಿಕೊಂಡರು. "ನಿಮ್ಮ ಕಡತ ಮತ್ತೆ ತೆರೆಯುತ್ತಾರೆ, ಗೊತ್ತಿದೆಯಾ?" ಎಂದರು. ಗೊತ್ತಿದೆ. ನನಗೆ ಭಯವಾಗುತ್ತಿದೆ ಅಣ್ಣ, ಸುಳ್ಳು ಹೇಳುವುದಿಲ್ಲ. ಈ ಮಕ್ಕಳು, ಈ ತರಗತಿ ನನಗೆ ಬೇಕು. ಆದರೆ ನಿನ್ನ ಹೊಟ್ಟೆಯ ಮೇಲೆ ನಿಂತು ಪಾಠ ಹೇಳಲು ನನ್ನಿಂದಾಗದು.

ಶುಕ್ರವಾರ ಸಂಜೆಯ ರೈಲಿಗೆ ಬರುತ್ತಿದ್ದೇನೆ. ಶನಿವಾರ ಅಮ್ಮನನ್ನು ಕರೆದುಕೊಂಡು ಸಬಿಹಾ ಅವರ ಮನೆಗೆ ನಾನೇ ಹೋಗುತ್ತೇನೆ. ಹೆಣ್ಣಿನ ಕಡೆಯವರು ಹಾಗೆಲ್ಲ ಹೋಗುವ ಪದ್ಧತಿ ಇಲ್ಲ ಎನ್ನಬೇಡ. ಆ ಎಲೆಕ್ಟ್ರಿಷಿಯನ್ನನ್ನು ನಾನು ಮದುವೆಯಾಗುತ್ತೇನೋ ಇಲ್ಲವೋ, ಅದು ಬೇರೆ ಮಾತು. ಅಮ್ಮ ಅಲ್ಲಿ ಎಲ್ಲರ ಮುಂದೆ ಕೂತು ನನ್ನನ್ನು ಹೊಗಳಬೇಕು. ನಿನ್ನನ್ನೂ ಹೊಗಳಬೇಕು. ಬಾಯಿಗೆ ಬಂದಷ್ಟು, ಸುಳ್ಳು ಸೇರಿಸಿಯೇ ಹೊಗಳಲಿ. ಅವಳು ಬಾಯಿ ಬಿಡುವವರೆಗೆ ನಾನು ಅಲ್ಲಿಂದ ಏಳುವುದಿಲ್ಲ.

ಬರೆದುಕೊಳ್ಳುವವರು ಬರೆದುಕೊಳ್ಳಲಿ.

ನೆಸ್ಲಿಹಾನ್